ತಲೆಗೆ ಪೆಟ್ಟಾದ ಮೇಲೆ ಮಾವನವರಿಗೆ ಸೊಸೆಯೇ ನೆನಪಿಲ್ಲ. ಹಳೆಯದು ಉಳಿದು ಇತ್ತೀಚಿನದು ಹೋಗೋದು ಯಾಕೆ?

ಹುಬ್ಬಳ್ಳಿ_ಸೊಸೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಸುಮಾರು ಎರಡು ತಿಂಗಳ ಹಿಂದೆ ಉಣಕಲ್ ಹತ್ತಿರ ಸ್ಕೂಟರ್ ಮೇಲಿಂದ ಬಿದ್ದರು. ನಾಯಿ ಅಡ್ಡ ಬಂದಿತ್ತು. ಹೆಲ್ಮೆಟ್ ಇತ್ತು, ಆದರೆ ಅದರ ಪಟ್ಟಿ ಹಾಕಿರಲಿಲ್ಲ. ಬಿದ್ದ ಕೂಡಲೇ ಹಾರಿಹೋಗಿದೆ. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಬೇಕಾಗಲಿಲ್ಲ. ಐಸಿಯು, ಆಮೇಲೆ ವಾರ್ಡು, ಈಗ ಮನೆಯಲ್ಲಿದ್ದಾರೆ. ನಡೆಯುತ್ತಾರೆ, ಉಣ್ಣುತ್ತಾರೆ, ಪೇಪರ್ ಓದುತ್ತಾರೆ.

ನಾನು ಈ ಮನೆಗೆ ಬಂದು ಮೂರು ವರ್ಷ ಆಯಿತು. ಮಾವನವರಿಗೆ ನಾನು ನೆನಪೇ ಇಲ್ಲ. ಮೊದಮೊದಲು ಚಹಾ ಕೊಟ್ಟರೆ "ನೀ ಯಾರ ಮಗಳವಾ ತಂಗಿ?" ಅಂತ ಕೇಳುತ್ತಿದ್ದರು. ನನ್ನ ಗಂಡನನ್ನು ಗುರುತು ಹಿಡಿಯುತ್ತಾರೆ, ಅವರಿಗೆ ಮದುವೆ ಆಗಿದೆ ಅಂದರೆ ನಂಬುತ್ತಿರಲಿಲ್ಲ.

ದುರ್ಗದಬೈಲ್ ಹತ್ತಿರ ನಮ್ಮದು ಪಾತ್ರೆ ಅಂಗಡಿ. ಹೋದ ವಾರ ಅಲ್ಲಿಗೆ ಕರೆದುಕೊಂಡು ಹೋದೆವು. ಗಲ್ಲಾ ಮುಂದೆ ಕೂತವರೇ ಕೆಂಪು ರಟ್ಟಿನ ಹಳೇ ಉದ್ರಿ ಪುಸ್ತಕ ಕೇಳಿದರು. ಅದನ್ನು ನಾವು ಬಿಟ್ಟು ಎಷ್ಟೋ ವರ್ಷ ಆಗಿದೆ. ದುಡ್ಡು ಬಂತು ಅಂತ ಕೂಗುವ ಸ್ಪೀಕರ್ ಡಬ್ಬಿ ಮಾತಾಡಿದಾಗ ಬೆಚ್ಚಿಬಿದ್ದು ಸುತ್ತ ನೋಡಿದರು. ಅದೇ ಮನುಷ್ಯ ಇಪ್ಪತ್ತು ವರ್ಷದ ಹಿಂದಿನ ಗಿರಾಕಿಗಳ ಹೆಸರು, ಊರು, ಯಾರ ಮನೆ ಮದುವೆಗೆ ಎಂಥ ಹಂಡೆ ಒಯ್ದರು ಅನ್ನೋದನ್ನೆಲ್ಲ ತಪ್ಪಿಲ್ಲದೆ ಹೇಳುತ್ತಾರೆ.

ಇನ್ನೂ ಒಂದು ಇದೆ. ಅವರ ಅಣ್ಣ ಎರಡು ವರ್ಷದ ಹಿಂದೆ ತೀರಿಕೊಂಡರು. "ಅಣ್ಣ ಯಾಕ ನೋಡಾಕ ಬಂದಿಲ್ಲ?" ಅಂತ ದಿನಾ ಕೇಳುತ್ತಾರೆ. ನಾವು ಏನೋ ಒಂದು ಹೇಳಿ ಮಾತು ಮರೆಸುತ್ತಿದ್ದೇವೆ. ಇದು ಸರಿಯಾ? ಹೋದ ನೆನಪು ವಾಪಸ್ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ನವನಗರ_ನರ್ಸ್:
ಅಕ್ಕಾ, ಮೊದಲು ಒಂದು ಹೇಳಿ. ಮುಂಜಾನೆ ಏನು ತಿಂಡಿ ತಿಂದರು ಅಂತ ಸಂಜೆ ಕೇಳಿದರೆ ಹೇಳ್ತಾರಾ? ನಿನ್ನೆ ಮನೆಗೆ ಯಾರು ಬಂದಿದ್ದರು ಅನ್ನೋದು ಇವತ್ತು ನೆನಪಿರುತ್ತಾ?

ಯಾಕೆ ಕೇಳಿದೆ ಅಂದರೆ, ಬೀಳುವುದಕ್ಕೆ ಮೊದಲಿನ ನೆನಪು ಹೋಗುವುದು ಒಂದು, ಬಿದ್ದ ಮೇಲೆ ಹೊಸದು ತಲೆಯಲ್ಲಿ ನಿಲ್ಲದೇ ಇರುವುದು ಇನ್ನೊಂದು. ಸುಮಾರು ಜನರಿಗೆ ಎರಡೂ ಒಟ್ಟಿಗೆ ಇರುತ್ತವೆ. ಪೇಷಂಟ್ ಎಚ್ಚರ ಇರುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ, ಆದರೆ ಹತ್ತು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ. ಆ ಹಂತ ಮುಗಿಯುವ ತನಕ ಹಳೆಯದು ಎಷ್ಟು ಹೋಗಿದೆ ಅಂತ ಅಳೆಯಲು ಆಗುವುದಿಲ್ಲ. ನಮ್ಮ ವಾರ್ಡಿನಲ್ಲಿ ಮನೆಯವರು ಬಂದ ಕೂಡಲೇ "ನಾನ್ಯಾರು ಹೇಳು, ಇವರ್ಯಾರು ಹೇಳು" ಅಂತ ಶುರು ಮಾಡುತ್ತಾರೆ. ಪಾಪ, ಆ ಮನುಷ್ಯ ಬೆವೆತುಬಿಡುತ್ತಾರೆ.

ಇನ್ನೊಂದು ಮಾತು, ಇದನ್ನು ಎಲ್ಲರೂ ಓದಿ. ಮನೆಗೆ ಬಂದ ಮೇಲೆ ತಲೆನೋವು ದಿನದಿನಕ್ಕೆ ಜಾಸ್ತಿ ಆದರೆ, ವಾಂತಿ, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ, ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರಲ್ಲಿ, ಸಣ್ಣ ಪೆಟ್ಟಾದ ಕೆಲವು ವಾರದ ಮೇಲೂ ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಸೇರಿಕೊಳ್ಳಬಹುದು. ಮನೆಯವರು ವಯಸ್ಸಾಯಿತು, ಮರೆವು ಬಂತು ಅಂದುಕೊಂಡು ಸುಮ್ಮನಿರುತ್ತಾರೆ. ಸ್ಕ್ಯಾನ್ ಮಾಡಿದರೆ ಗೊತ್ತಾಗುತ್ತದೆ. ಬುರುಡೆಗೆ ಸಣ್ಣ ರಂಧ್ರ ಮಾಡಿ ಆ ರಕ್ತ ತೆಗೆದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ಹುಬ್ಬಳ್ಳಿ_ಸೊಸೆ:
ಹೂಂ, ವಾರ್ಡಿನಲ್ಲಿ ಹಾಗೇ ಇತ್ತು. "ನಾ ಎಲ್ಲಿದೀನಿ?" ಅಂತ ಪದೇ ಪದೇ ಕೇಳುತ್ತಿದ್ದರು. ಈಗ ಮೂರು ವಾರದಿಂದ ಸುಧಾರಿಸಿದ್ದಾರೆ. ನಿನ್ನೆಯದು ಹೇಳುತ್ತಾರೆ. ನನ್ನ ಹೆಸರು ಕಲಿತುಕೊಂಡಿದ್ದಾರೆ. ಆದರೆ ಸೊಸೆ ಅನ್ನುವುದು ಯಾರೋ ಹೇಳಿದ್ದನ್ನು ಒಪ್ಪಿಕೊಂಡ ಹಾಗೆ.

ಧಾರವಾಡ_ಮಾಸ್ತರ:
ತಂಗಿ, ನಾನು ಮನಃಶಾಸ್ತ್ರ ಕಲಿಸಿ ನಿವೃತ್ತನಾದವನು, ಡಾಕ್ಟರ್ ಅಲ್ಲ. ಅವರ ಸ್ಕ್ಯಾನ್ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಹಳೆಯದು ಯಾಕೆ ಉಳಿಯಿತು ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀವು ಅಂಗಡಿಯಲ್ಲಿ ಕಂಡಿದ್ದನ್ನು 1881ರಲ್ಲೇ ಫ್ರಾನ್ಸಿನ ತೆಯೊದ್ಯೂಲ್ ರಿಬೋ ಬರೆದಿಟ್ಟಿದ್ದಾರೆ. ಮೆದುಳಿಗೆ ಏಟು ಬಿದ್ದಾಗ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ತಡೆದುಕೊಳ್ಳುತ್ತದೆ. ಇವತ್ತಿಗೂ ಅದನ್ನು ರಿಬೋ ನಿಯಮ ಅಂತಲೇ ಕರೆಯುತ್ತಾರೆ. ಪೆಟ್ಟಿಗೆ ಮೊದಲಿನದು ಮರೆಯುವುದಕ್ಕೆ ಡಾಕ್ಟರು ರೆಟ್ರೋಗ್ರೇಡ್ ಅಮ್ನೇಸಿಯಾ ಅನ್ನುತ್ತಾರೆ. ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲೂ ಆ ಮಾತು ಇರಬಹುದು, ನೋಡಿ.

ಒಂದು ಸಂಗತಿ ನಡೆದ ಕೂಡಲೇ ಅದರ ನೆನಪು ಗಟ್ಟಿಯಾಗುವುದಿಲ್ಲ. ಎರಡೂ ಕಿವಿಯ ನೇರಕ್ಕೆ, ಮೆದುಳಿನ ಒಳಗೆ, ಹಿಪ್ಪೋಕ್ಯಾಂಪಸ್ ಅನ್ನುವ ಸಣ್ಣ ಭಾಗ ಇದೆ. ನಿಮ್ಮ ಮದುವೆಯನ್ನೇ ತಗೊಳ್ಳಿ. ಕಂಡ ಮುಖಗಳು, ವಾಲಗದ ಸದ್ದು, ಊಟದ ವಾಸನೆ, ಇವೆಲ್ಲ ಮೆದುಳಿನ ಹೊರಪದರದಲ್ಲಿ ಬೇರೆ ಬೇರೆ ಕಡೆ ಇರುತ್ತವೆ. ಅವೆಲ್ಲ ಸೇರಿ ಒಂದೇ ಘಟನೆ ಅನ್ನಿಸುವಂತೆ ಜೋಡಿಸುವುದು ಹಿಪ್ಪೋಕ್ಯಾಂಪಸ್. ತಿಂಗಳು, ವರ್ಷ ಕಳೆದ ಹಾಗೆ, ನೆನೆಸಿಕೊಂಡ ಹಾಗೆ, ಹೊರಪದರದ ಆ ಜಾಗಗಳ ನಡುವೆ ನೇರ ಸಂಬಂಧ ಬೆಳೆಯುತ್ತದೆ. ಆಮೇಲೆ ಹಿಪ್ಪೋಕ್ಯಾಂಪಸ್ ಮೇಲಿನ ಭಾರ ಕಡಿಮೆ ಆಗುತ್ತದೆ. ನಿಮ್ಮ ಮಾವನವರ ಹಳೇ ಗಿರಾಕಿಗಳ ನೆನಪು ಹಾಗೆ ಬೇರೂರಿದ್ದು. ನಿಮ್ಮ ಮದುವೆಯದು ಇನ್ನೂ ಅರ್ಧದಲ್ಲಿತ್ತು.

ಇದು ಎದ್ದು ಕಂಡಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರಲ್ಲಿ. ವಿಪರೀತ ಫಿಟ್ಸ್ ನಿಲ್ಲಿಸಲು 1953ರಲ್ಲಿ ಅವರ ಎರಡೂ ಕಡೆಯ ಹಿಪ್ಪೋಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಗ ಅವರಿಗೆ 27 ವರ್ಷ. ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆ ಯಾವುದೂ ಅವರ ತಲೆಯಲ್ಲಿ ನಿಲ್ಲಲಿಲ್ಲ. ಬಾಲ್ಯ ಮಾತ್ರ ನೆನಪಿತ್ತು. ಆಪರೇಷನ್‌ಗೆ ಹಿಂದಿನ ಕೆಲವು ವರ್ಷ ಹೋಗಿದ್ದವು. ಮೊದಮೊದಲು ಎರಡು ವರ್ಷದಷ್ಟು ಅಂದುಕೊಂಡಿದ್ದರು, ಆಮೇಲಿನ ಪರೀಕ್ಷೆಗಳಲ್ಲಿ ಹನ್ನೊಂದು ವರ್ಷದವರೆಗೂ ಇರಬಹುದು ಅಂತ ಕಂಡಿತು.

ಆದರೆ ನಿಮಗೆ ಮೊಲೈಸನ್‌ಗಿಂತ ಹತ್ತಿರದ ಕಥೆ ಇನ್ನೊಂದು. ಬ್ರಿಟನ್‌ನಲ್ಲಿ 1933ರ ಆಗಸ್ಟ್‌ನಲ್ಲಿ 22 ವರ್ಷದ ಹುಡುಗನೊಬ್ಬ ಮೋಟಾರ್ ಸೈಕಲ್‌ನಿಂದ ಬಿದ್ದ. ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಅವನದು. ರಿಚಿ ರಸೆಲ್ ಅನ್ನುವ ನರತಜ್ಞರು ಇದನ್ನು ದಾಖಲಿಸಿದ್ದಾರೆ. ಒಂದು ವಾರದ ಮೇಲೆ ಹುಡುಗ ಸರಿಯಾಗಿ ಮಾತಾಡುತ್ತಿದ್ದ, ನರ್ಸ್‌ಗಳು ಪೂರ್ತಿ ಪ್ರಜ್ಞೆ ಬಂತು ಅಂದುಕೊಂಡಿದ್ದರು. ಇಸವಿ ಯಾವುದು ಅಂತ ಕೇಳಿದರೆ 1922 ಅಂದ! ತಾನಿನ್ನೂ ಶಾಲೆಗೆ ಹೋಗುವ ಹುಡುಗ ಅಂದ. ಎರಡು ವಾರಕ್ಕೆ ಆಸ್ಟ್ರೇಲಿಯಾದಲ್ಲಿ ಕಳೆದ ಐದು ವರ್ಷ ನೆನಪಾಯಿತು. ಕೊನೆಯ ಎರಡು ವರ್ಷ ಮಾತ್ರ ಖಾಲಿ. ಮೂರು ವಾರಕ್ಕೆ ತಾನು ಕೆಲಸ ಮಾಡುತ್ತಿದ್ದ ಹಳ್ಳಿಗೇ ವಾಪಸ್ ಹೋದ, ಆದರೆ ಆ ಊರನ್ನು ಎಂದೂ ಕಂಡೇ ಇಲ್ಲ ಅನ್ನಿಸಿತು, ದಾರಿ ತಪ್ಪಿಸಿಕೊಂಡ. ಸುಮಾರು ಹತ್ತು ವಾರಕ್ಕೆ ಆ ಎರಡು ವರ್ಷವೂ ನಿಧಾನಕ್ಕೆ ಬಂದವು. ಕೊನೆಗೆ ಬಾರದೆ ಉಳಿದಿದ್ದು ಬೀಳುವುದಕ್ಕೆ ಮೊದಲಿನ ಕೆಲವೇ ನಿಮಿಷ.

ಗಮನಿಸಿ, ಹಳೆಯ ಕಡೆಯಿಂದ ಶುರುವಾಗಿ ಬಿದ್ದ ದಿನದ ಕಡೆಗೆ ಬಂತು. ರಸೆಲ್ ಮತ್ತು ನೇಥನ್ 1946ರಲ್ಲಿ ತಲೆಗೆ ಪೆಟ್ಟಾದ ಸಾವಿರಕ್ಕೂ ಹೆಚ್ಚು ಜನರ ವಿವರ ಪ್ರಕಟಿಸಿದರು. ಹೆಚ್ಚಿನವರಿಗೆ ಕೊನೆಗೆ ಹೋಗಿದ್ದು ಪೆಟ್ಟಿಗೆ ಹಿಂದಿನ ಅರ್ಧ ಗಂಟೆಗಿಂತ ಕಡಿಮೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಪೆಟ್ಟು ಜೋರಾಗಿದ್ದರೆ ವರ್ಷಗಳೇ ಕಾಯಂ ಆಗಿ ಹೋಗಬಹುದು. ಆದರೆ ಎರಡು ತಿಂಗಳಿಗೆ ಆಸೆ ಬಿಡುವ ಕಾರಣ ಏನೂ ಇಲ್ಲ.

ಬ್ಯಾಡಗಿ_ರೈತ:
ಮಾಸ್ತರ ಹೇಳಿದ್ದನ್ನು ನಮ್ಮ ಹೊಲದಲ್ಲಿ ನೋಡಬಹುದು. ಬಿರುಗಾಳಿ ಬಂದರೆ ಹೋದ ವಾರ ನೆಟ್ಟ ಮೆಣಸಿನ ಸಸಿ ಮಲಗುತ್ತದೆ, ಬದುವಿನ ಬೇವಿನ ಮರ ನಿಲ್ಲುತ್ತದೆ. ಗಾಳಿ ಎರಡಕ್ಕೂ ಒಂದೇ.

ನಾನೂ ಟ್ರ್ಯಾಕ್ಟರ್‌ನಿಂದ ಬಿದ್ದವನು. ನನಗೆ ಆ ದಿನದ ಮಧ್ಯಾಹ್ನ ಪೂರ್ತಿ ಇಲ್ಲ. ಮುಂಜಾನೆ ರೊಟ್ಟಿ ಬುತ್ತಿ ಕಟ್ಟಿಸಿಕೊಂಡಿದ್ದು ಗೊತ್ತು, ಆಮೇಲೆ ನೇರ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ಕತ್ತಲೆ ಅಂತಲೂ ಅನ್ನಿಸುವುದಿಲ್ಲ.

ಒಂದು ವಿಚಿತ್ರ ಹೇಳಲಾ? ಮನೆಯವರು ನೂರು ಸಲ ಹೇಳಿದ್ದಾರೆ, ಬದುವಿನ ಮೇಲೆ ಗಾಲಿ ಹತ್ತಿತು, ನಾನು ಎಡಕ್ಕೆ ಬಿದ್ದೆ ಅಂತ. ಈಗ ಕಣ್ಣು ಮುಚ್ಚಿದರೆ ಅದು ಕಾಣುತ್ತದೆ. ಆದರೆ ನಾನು ಬೀಳುವುದನ್ನು ನಾನೇ ದೂರ ನಿಂತು ನೋಡಿದ ಹಾಗೆ ಕಾಣುತ್ತದೆ. ಅದು ನನ್ನ ನೆನಪಲ್ಲ, ನನ್ನ ತಮ್ಮ ಕಂಡಿದ್ದು.

ಧಾರವಾಡ_ಮಾಸ್ತರ:
ರೈತರ ಈ ಮಾತು ಬಹಳ ಮುಖ್ಯ. ಹೋದ ಜಾಗವನ್ನು ಮೆದುಳು ಖಾಲಿ ಬಿಡುವುದಿಲ್ಲ, ಕೇಳಿದ ಮಾತಿನಿಂದ, ನೋಡಿದ ಫೋಟೋದಿಂದ ತುಂಬಿಕೊಳ್ಳುತ್ತದೆ. ಸುಳ್ಳು ಹೇಳುವ ಉದ್ದೇಶ ಒಂದಿಷ್ಟೂ ಇರುವುದಿಲ್ಲ. ಅದಕ್ಕೇ ತಂಗಿ, ಮಾವನವರಿಗೆ ಮದುವೆ ವಿಡಿಯೋ ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ "ಅಲ್ಲಿ ನೀವು ನಕ್ಕಿರಿ, ನೆನಪಿದೆ ಅಲ್ವಾ?" ಅಂತ ಬಾಯಿಗೆ ಮಾತು ಇಡಬೇಡಿ. "ಇದನ್ನು ನೋಡಿದರೆ ಏನು ಅನ್ನಿಸುತ್ತದೆ?" ಅಂತ ಕೇಳಿ ಸುಮ್ಮನೆ ಕಾಯಿರಿ.

ಗದಗ_ಮೆಡಿಕೋ:
ಸರ್, ನಿಮ್ಮ ವಿವರಣೆ ಓದಿದೆ. ಆದರೆ ಹಳೆಯ ನೆನಪು ಹಿಪ್ಪೋಕ್ಯಾಂಪಸ್‌ನಿಂದ ಪೂರ್ತಿ ಬಿಡುಗಡೆ ಆಗುತ್ತದೆ ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ. ನೇಡೆಲ್ ಮತ್ತು ಮಾಸ್ಕೊವಿಚ್ ಅನ್ನುವ ಸಂಶೋಧಕರು 1997ರಲ್ಲಿ ಬೇರೆ ವಾದ ಇಟ್ಟರು. ನಡೆದದ್ದನ್ನು ಕಣ್ಣಿಗೆ ಕಟ್ಟಿದ ಹಾಗೆ ಮತ್ತೆ ಅನುಭವಿಸಬೇಕು ಅಂದರೆ, ಅದು ನಲವತ್ತು ವರ್ಷ ಹಳೆಯದಾದರೂ ಹಿಪ್ಪೋಕ್ಯಾಂಪಸ್ ಬೇಕೇ ಬೇಕು ಅನ್ನುತ್ತಾರೆ. ಅದಿಲ್ಲದೆ ಉಳಿಯುವುದು ಬರೀ ಮಾಹಿತಿ.

ಕೆನಡಾದ ಕೆಂಟ್ ಕಾಕ್ರನ್ ಅವರನ್ನು ನೋಡಿ. 1981ರಲ್ಲಿ ಮೋಟಾರ್ ಸೈಕಲ್ ಅಪಘಾತ. ಚೆಸ್ ಆಡುವುದು ಗೊತ್ತಿತ್ತು. ವಾಸವಿದ್ದ ಮನೆಯ ನಕ್ಷೆ ಬಿಡಿಸುತ್ತಿದ್ದರು, ಯಾವ ಕೋಣೆ ಎಲ್ಲಿ ಅಂತ ಎಲ್ಲ ಸರಿ. ಆದರೆ ಆ ಮನೆಯೊಳಗೆ ತಮಗೆ ಆದ ಒಂದೇ ಒಂದು ಘಟನೆ ಹೇಳಲು ಆಗುತ್ತಿರಲಿಲ್ಲ. ಹೊಸದೂ ಇಲ್ಲ, ಹಳೆಯದೂ ಇಲ್ಲ. ಅವರಲ್ಲಿ ರಿಬೋ ನಿಯಮ ನಡೆಯುವುದಿಲ್ಲ.

ಇನ್ನೊಂದು, ನೆನಪು ಅಳಿಸಿಹೋಗಿದೆಯಾ ಅಥವಾ ಇದ್ದೂ ಕೈಗೆ ಸಿಗುತ್ತಿಲ್ಲವಾ ಅನ್ನುವುದೇ ದೊಡ್ಡ ಪ್ರಶ್ನೆ. 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿ ಟೊನೆಗಾವಾ ಅವರ ತಂಡ ಇಲಿಗಳಲ್ಲಿ ತೋರಿಸಿದೆ. ಒಂದು ಜಾಗಕ್ಕೆ ಹೆದರುವುದನ್ನು ಇಲಿ ಕಲಿತ ಕೂಡಲೇ ಆ ನೆನಪು ಗಟ್ಟಿಯಾಗದ ಹಾಗೆ ಔಷಧಿ ಕೊಟ್ಟರು, ಇಲಿ ಮರೆಯಿತು. ಆದರೆ ಕಲಿಯುವಾಗ ಕೆಲಸ ಮಾಡಿದ ಅದೇ ಜೀವಕೋಶಗಳನ್ನು ಬೆಳಕಿನಿಂದ ಎಬ್ಬಿಸಿದಾಗ ಮರೆತ ಭಯ ವಾಪಸ್ ಬಂತು. ಮನುಷ್ಯರಿಗೆ ಇದನ್ನು ಮಾಡಲು ಆಗುವುದಿಲ್ಲ, ನಿಜ. ಆದರೆ ಮರೆತದ್ದೆಲ್ಲ ಅಳಿಸಿದ್ದೇ ಅಂತ ಹೇಳಲೂ ಆಗುವುದಿಲ್ಲ.

ಧಾರವಾಡ_ಮಾಸ್ತರ:
ನೀವು ಹೇಳಿದ್ದು ನಿಜ, ಆ ವಾದ ಇನ್ನೂ ಮುಗಿದಿಲ್ಲ. ಮೊಲೈಸನ್ ಅವರ ಬಾಲ್ಯದ ನೆನಪಿನಲ್ಲೂ ಘಟನೆಗಿಂತ ಮಾಹಿತಿಯೇ ಜಾಸ್ತಿ ಅಂತ ಕೆಲವರು ಬರೆದಿದ್ದಾರೆ. ರಸೆಲ್ ಹುಡುಗನ ಎರಡು ವರ್ಷ ವಾಪಸ್ ಬಂದವು ಅಂದರೆ ಅವು ಅಳಿಸಿರಲಿಲ್ಲ ಅಂತಲೇ ಅರ್ಥ. ಕೊನೆಯ ಕೆಲವು ನಿಮಿಷದ ಕಥೆ ಬೇರೆ. ಅವು ನೆನಪಾಗಿ ಕೂರುವ ಮೊದಲೇ ಏಟು ಬಿದ್ದಿತ್ತು.

ಮನೆಯವರಿಗೆ ಇದರಿಂದ ಉಪಯೋಗ ಏನು? ಗೊತ್ತಿರುವುದು ಬೇರೆ, ನೆನಪಿರುವುದು ಬೇರೆ. ಮಾವನವರಿಗೆ ಈಗ ನೀವು ಸೊಸೆ ಅನ್ನುವುದು ಗೊತ್ತಿದೆ. ನೀವು ಮನೆ ತುಂಬಿಸಿಕೊಂಡ ದಿನ ನೆನಪಿಲ್ಲ. ಗೊತ್ತಿರುವುದರ ಮೇಲೂ ಪ್ರೀತಿ ಬೆಳೆಯುತ್ತದೆ. ಮೊದಲ ಮೂರು ವರ್ಷ ನೀವೂ ಹಾಗೇ ಅಲ್ವಾ ಅವರನ್ನು ಅರಿತದ್ದು, ದಿನಕ್ಕೊಂದಿಷ್ಟು?

ಬೆಟಗೇರಿ_ಮಗ್ಗ:
ನಮ್ಮ ಅಪ್ಪಾ ನೇಕಾರರು. ಅವರಿಗೆ ಪೆಟ್ಟಾಗಿದ್ದಲ್ಲ, ಮೆದುಳಿಗೆ ವೈರಸ್ ಜ್ವರ ಬಂದಿತ್ತು. ಎರಡೂ ಕಡೆ ಹಾಳಾಗಿದೆ ಅಂದರು. ನಮ್ಮ ಅಕ್ಕನ ಮದುವೆ, ಅವ್ವನ ಕಾಯಿಲೆ, ಸಂಘದ ಸಾಲ, ಒಂದೂ ನೆನಪಿಲ್ಲ. ಹಿಂದಿನ ಹದಿನೈದಿಪ್ಪತ್ತು ವರ್ಷ ಹೋಗಿಬಿಟ್ಟಿದೆ.

ಒಂದು ದಿನ ಸುಮ್ನೆ ಮಗ್ಗದ ಮುಂದೆ ಕೂರಿಸಿದೆವು. ಕುಣಿಯಲ್ಲಿ ಕಾಲು ಇಳಿಬಿಟ್ಟರು. ಬೆರಳಿನಿಂದ ಹಾಸು ಸವರಿದರು. ಕಡಿದಿದ್ದ ಒಂದು ಎಳೆ ಸಿಕ್ಕಿತು. ಅದನ್ನು ಎತ್ತಿ, ಗಂಟು ಹಾಕಿ, ಹಣಿಗೆಯಲ್ಲಿ ಪೋಣಿಸಿ, ಲಾಳಿ ಹೊಡೆದರು. ಕಾಲು, ಕೈ ಎಲ್ಲೂ ತಡವರಿಸಲಿಲ್ಲ. "ಈ ಸೀರಿ ಯಾರಿಗೆ?" ಅಂತ ಕೇಳಿದರು. ಐದು ನಿಮಿಷದ ಮೇಲೆ ಮತ್ತೆ ಅದೇ ಕೇಳಿದರು. ಸೀರೆ ಮಾತ್ರ ಮುಂದೆ ಸಾಗುತ್ತಲೇ ಇತ್ತು.

ಇದು ಯಾಕೆ ಉಳಿಯಿತು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಗದಗ_ಮೆಡಿಕೋ:
ಅಣ್ಣಾ, ಕೈಕೆಲಸದ ನೆನಪು ಬೇರೆ ದಾರಿಯಲ್ಲಿ ಇರುತ್ತದೆ. ಅದಕ್ಕೆ ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಮತ್ತು ಹಿಂದಲೆಯ ಕಿರುಮೆದುಳು ಬೇಕು, ಹಿಪ್ಪೋಕ್ಯಾಂಪಸ್ ಅಷ್ಟಾಗಿ ಬೇಡ. ಬ್ರಿಟನ್‌ನ ಸಂಗೀತಗಾರ ಕ್ಲೈವ್ ವೇರಿಂಗ್ ಅವರಿಗೂ 1985ರಲ್ಲಿ ನಿಮ್ಮ ಅಪ್ಪಾಜಿಯ ಹಾಗೇ ಮೆದುಳಿಗೆ ಹರ್ಪಿಸ್ ವೈರಸ್ ತಗುಲಿತು. ಹಿಂದಿನದು ಬಹುಪಾಲು ಹೋಯಿತು, ಹೊಸದು ಕೆಲವು ಸೆಕೆಂಡ್‌ಗಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ. ಆದರೆ ಪಿಯಾನೋ ಮುಂದೆ ಕೂತರೆ ನುಡಿಸುತ್ತಿದ್ದರು. ಹೆಂಡತಿಯ ಗುರುತೂ ಹೋಗಲಿಲ್ಲ.

ರಾಣೆಬೆನ್ನೂರು_ಅಜ್ಜ:
ನಮ್ಮ ಕಡೆ ಒಂದೆಲಗದ ರಸ ಕೊಡುತ್ತಾರೆ, ನೆನಪಿಗೆ ಒಳ್ಳೆಯದು ಅಂತ. ಸಿನಿಮಾದಲ್ಲಿ ತಲೆಗೆ ಮತ್ತೊಂದು ಪೆಟ್ಟು ಬಿದ್ದರೆ ಎಲ್ಲ ವಾಪಸ್ ಬರುತ್ತದಲ್ಲ, ಅದರಲ್ಲಿ ಏನಾದರೂ ನಿಜ ಇದೆಯಾ?

ನವನಗರ_ನರ್ಸ್:
ಅಜ್ಜಾರ, ಎರಡನೇ ಪೆಟ್ಟಿನಿಂದ ಹಾನಿ ಹೆಚ್ಚುತ್ತದೆ, ನೆನಪು ಬರುವುದಿಲ್ಲ. ಅದಕ್ಕೇ ಡಾಕ್ಟರು ಹೂಂ ಅನ್ನುವ ತನಕ ಗಾಡಿ ಓಡಿಸಬಾರದು, ಏಣಿ ಹತ್ತಬಾರದು. ಹೋದ ನೆನಪು ತರುವ ಗುಳಿಗೆಯೂ ಇಲ್ಲ. ರಸ, ಪುಡಿ ಏನೇ ಕೊಡುವುದಿದ್ದರೂ ಡಾಕ್ಟರಿಗೆ ಹೇಳಿ ಕೊಡಿ. ಫಿಟ್ಸ್ ಗುಳಿಗೆ ನಡೆಯುತ್ತಿದ್ದರೆ ಹೇಳಲೇಬೇಕು.

ಸಿನಿಮಾದಲ್ಲಿ ತೋರಿಸುವ ಇನ್ನೊಂದು, ತನ್ನ ಹೆಸರೇ ಮರೆಯುವುದು. ತಲೆ ಪೆಟ್ಟಿನಿಂದ ಹಾಗಾಗುವುದು ತೀರಾ ಅಪರೂಪ. ಗೊಂದಲ ಕಳೆದು, ಹೊಸದೆಲ್ಲ ನೆನಪಿಟ್ಟುಕೊಳ್ಳುತ್ತಾ, ತಾನು ಯಾರು ಅನ್ನುವುದು ಮಾತ್ರ ಹೋಗಿದ್ದರೆ ಅದರ ಹಿಂದೆ ಹೆಚ್ಚಾಗಿ ಮನಸ್ಸಿನ ದೊಡ್ಡ ಆಘಾತ ಇರುತ್ತದೆ. ನಾಟಕ ಅಂತ ಬೈಯಬೇಡಿ, ಮನೋವೈದ್ಯರಿಗೆ ತೋರಿಸಿ.

ಹಾವೇರಿ_ಅವ್ವ:
ಸೊಸೆಯವ್ವಾ, ಅಣ್ಣ ತೀರಿಕೊಂಡ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ, ನಾನು ಹೇಳುತ್ತೇನೆ. ನಮ್ಮ ಮನೆಯವರಿಗೂ ಹೀಗಾಗಿತ್ತು, ತಾಯಿ ಹೋಗಿದ್ದು ಮರೆತಿದ್ದರು. ಆಸ್ಪತ್ರೆಯಲ್ಲಿದ್ದಾಗ ಸಂಬಂಧಿಕರು ಬಂದವರೆಲ್ಲ ಹೇಳುವುದು, ಅವರು ಎದೆ ಬಡಿದುಕೊಂಡು ಅಳುವುದು, ಒಂದು ತಾಸಿಗೆ ಮರೆಯುವುದು. ಮತ್ತೆ ಯಾರೋ ಹೇಳುವುದು. ಆ ಮನುಷ್ಯ ಒಂದೇ ಸಾವಿಗೆ ಎಷ್ಟು ಸಲ ಅಳಬೇಕು? ಅಲ್ಲಿದ್ದ ಮನಃಶಾಸ್ತ್ರದ ಮೇಡಂ ನಿಲ್ಲಿಸಿದರು. ಹೊಸದು ತಲೆಯಲ್ಲಿ ನಿಲ್ಲದ ತನಕ ಹೇಳಬೇಡಿ, ಕೇಳಿದರೆ ಅವ್ವನ ಬಗ್ಗೆ ಒಳ್ಳೆಯ ಮಾತಾಡಿ ಅಂದರು.

ನಿಮ್ಮ ಮಾವನವರಿಗೆ ಈಗ ನಿನ್ನೆಯದು ನೆನಪಿರುತ್ತದೆ ಅಂದಿರಿ. ಹಾಗಿದ್ದರೆ ಇನ್ನು ಮುಚ್ಚಿಡಬೇಡಿ. ಹೊರಗಿನವರಿಂದ ಗೊತ್ತಾದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಬೆಳಗಿನ ಹೊತ್ತು, ದಣಿವು ಇಲ್ಲದಾಗ, ಅವರಿಗೆ ತೀರಾ ಬೇಕಾದ ಒಬ್ಬರೇ ಕೂತು ಹೇಳಲಿ. ಹೇಗಾಯಿತು, ಕೊನೆಯಲ್ಲಿ ಯಾರಿದ್ದರು, ಕಾರ್ಯ ಎಲ್ಲಿ ಮಾಡಿದಿರಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಅತ್ತರೆ ಅಳಲಿ.

ಹುಬ್ಬಳ್ಳಿ_ಸೊಸೆ:
ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಅವ್ವ ಹೇಳಿದ ಹಾಗೇ ಮಾಡಿದೆವು. ನಮ್ಮ ಅತ್ತೆ ಹೇಳಿದರು. ಮಾವನವರು ತುಂಬಾ ಅತ್ತರು. ತಾನು ಹೆಗಲು ಕೊಟ್ಟಿದ್ದೆನಾ ಅಂತ ಕೇಳಿದರು. ಕೊಟ್ಟಿದ್ದೀರಿ ಅಂದಾಗ ಸ್ವಲ್ಪ ಸಮಾಧಾನ ಆಯಿತು. ಮಾರನೇ ದಿನ ಮರೆತಿರಲಿಲ್ಲ, ಅಣ್ಣ ಎಲ್ಲಿ ಅಂತ ಕೇಳಲಿಲ್ಲ.

ಇನ್ನೊಂದು ಆಗಿದೆ. ಮೊನ್ನೆ ತಾವಾಗಿಯೇ ಲಾಕ್‌ಡೌನ್ ಮಾತು ತೆಗೆದರು. ಅಂಗಡಿ ಶಟರ್ ಅರ್ಧ ಎಳೆದು ಕೂತಿದ್ದು, ಪೊಲೀಸರು ಬಂದಿದ್ದು ಎಲ್ಲ ಹೇಳಿದರು. ನಾವು ಅದನ್ನು ಅವರಿಗೆ ಹೇಳಿರಲೇ ಇಲ್ಲ. ಅಂದರೆ 2020ರವರೆಗೆ ಬಂದಿದ್ದಾರೆ ಅಲ್ವಾ ಮಾಸ್ತರ? ನನ್ನ ಮದುವೆ ಇನ್ನೂ ಬಂದಿಲ್ಲ. ಬೇಜಾರು ಇದೆ, ಸುಳ್ಳು ಹೇಳುವುದಿಲ್ಲ.

ಧಾರವಾಡ_ಮಾಸ್ತರ:
ನೀವು ಹೇಳದೆ ಬಂದಿದ್ದು ಅಂದರೆ ಅದು ಅವರದೇ ನೆನಪು. ದಿನಾಂಕ ಹಾಕಿ ಒಂದು ವಹಿಯಲ್ಲಿ ಬರೆದಿಡಿ. ಯಾವುದು ತಾನಾಗಿ ಬಂತು, ಯಾವುದು ಫೋಟೋ ನೋಡಿದ ಮೇಲೆ ಬಂತು, ಬೇರೆ ಬೇರೆ ಬರೆಯಿರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿಯವರು ಇದ್ದಾರೆ. ನಿಮ್ಮ ನ್ಯೂರೋ ಡಾಕ್ಟರನ್ನು ಕೇಳಿ ಅಲ್ಲಿ ನೆನಪಿನ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಆ ವಹಿ ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಲಕ್ಷ್ಮೇಶ್ವರ_ತಮ್ಮ:
ನಡುವೆ ಬಂದೆ, ಕ್ಷಮಿಸಿ. ನಮ್ಮ ಅಣ್ಣನಿಗೆ ಎದುರಿನ ಗಾಡಿ ಗುದ್ದಿ ತಲೆಗೆ ಪೆಟ್ಟಾಗಿದೆ. ಗುದ್ದಿದ್ದು ಅವನಿಗೆ ನೆನಪಿಲ್ಲ. ಪೊಲೀಸರಿಗೆ ಹೇಳಿಕೆ ಕೊಡಬೇಕು, ಪರಿಹಾರದ ಕೇಸೂ ಹಾಕಬೇಕು. ನೆನಪಿಲ್ಲ ಅಂದರೆ ಕೇಸು ಬೀಳುತ್ತದೆ, ನಾವು ಹೇಳಿದ ಹಾಗೆ ಹೇಳು ಅಂತ ಮನೆಯಲ್ಲಿ ಕಲಿಸುತ್ತಿದ್ದಾರೆ.

ನವನಗರ_ನರ್ಸ್:
ತಮ್ಮಾ, ಕಲಿಸಬೇಡಿ. ಡಿಕ್ಕಿ ಹೊಡೆದ ಕ್ಷಣ ನೆನಪಿಲ್ಲ ಅನ್ನುವುದು ಇಂಥ ಪೆಟ್ಟಿನಲ್ಲಿ ಎಲ್ಲ ಡಾಕ್ಟರಿಗೂ ಗೊತ್ತಿರುವ ಸಂಗತಿ. ಅನುಮಾನ ಪಡುವಂಥದ್ದು ಏನೂ ಇಲ್ಲ. ಮೇಲೆ ರೈತರು ಹೇಳಿದ್ದನ್ನು ಓದಿದಿರಲ್ಲ, ನಾಲ್ಕು ಸಲ ಹೇಳಿಕೊಟ್ಟರೆ ನಿಮ್ಮ ಅಣ್ಣನಿಗೇ ಯಾವುದು ನಿಜ ಅಂತ ತಿಳಿಯದ ಹಾಗೆ ಆಗುತ್ತದೆ. ಕೋರ್ಟಿನಲ್ಲಿ ವಕೀಲರು ತಿರುಗಿಸಿ ಕೇಳಿದರೆ ನಿಲ್ಲುವುದಿಲ್ಲ. ನೆನಪು ಎಲ್ಲಿಯವರೆಗೆ ಇದೆ, ಎಲ್ಲಿಂದ ಮತ್ತೆ ಶುರು ಆಗುತ್ತದೆ, ಅಷ್ಟನ್ನೇ ಹೇಳಲಿ. ಡಿಸ್ಚಾರ್ಜ್ ಸಮ್ಮರಿಯಲ್ಲೂ, ಗಾಯದ ಬಗ್ಗೆ ಡಾಕ್ಟರು ಬರೆದುಕೊಡುವ ವೂಂಡ್ ಸರ್ಟಿಫಿಕೇಟ್‌ನಲ್ಲೂ ತಲೆಗಾಯ, ಪ್ರಜ್ಞೆ ತಪ್ಪಿದ್ದು, ಮರೆವು, ಮೂರೂ ಬರೆದಿದ್ದಾರಾ ನೋಡಿ. ಬರೆದಿಲ್ಲ ಅಂದರೆ ಡಾಕ್ಟರನ್ನು ಈಗಲೇ ಕೇಳಿ. ಗುದ್ದಿದ್ದು ಹೇಗೆ ಅನ್ನುವುದಕ್ಕೆ ಕಣ್ಣಾರೆ ಕಂಡವರು, ಸ್ಪಾಟ್ ಪಂಚನಾಮೆ, ಹತ್ತಿರದ ಅಂಗಡಿಯ ಸಿಸಿಟಿವಿ ಇವೆ. ಸಿಸಿಟಿವಿ ಬೇಗ ಅಳಿಸಿಹೋಗುತ್ತದೆ. ಇವತ್ತೇ ಹೋಗಿ ಕೇಳಿ.